ನೇರಳೆ ಜಾಕೀಟು

ಬೆಂಡಿಗೊದ ನಮ್ಮ ಪ್ರೈಮರಿ ಸ್ಕೂಲಿನ ಹಾಲಿನಲ್ಲಿ
ಭಿನ್ನರಾಶಿಯ ಚಾರ್ಟಿನ ಕೆಳಗೆ
ಇವತ್ತು ನಾನು ಟೀಚರಲ್ಲ,
ನೇರಳೆ ಜಾಕೀಟು ತೊಟ್ಟ ಚುನಾವಣೆಯ ಆಳು.
ಬೆಳಿಗ್ಗೆ ಆರೂವರೆಗೇ ಸಹಿ ಹಾಕಿ ಕೊಟ್ಟಿದ್ದೇನೆ:
ರಾತ್ರಿಯವರೆಗೂ ನನಗೆ ಯಾವ ಅಭಿಪ್ರಾಯವೂ ಇಲ್ಲ.

ಹೆಸರು? ವಿಳಾಸ?
ಈ ಚುನಾವಣೆಯಲ್ಲಿ ಇದಕ್ಕೂ ಮುಂಚೆ ಮತ ಹಾಕಿದ್ದೀರಾ?
ಮೂರೇ ಪ್ರಶ್ನೆ. ಅಡಿಕೋಲಿಟ್ಟು ಒಂದು ಗೆರೆ.
ಮುಂದಿನವರು ಬನ್ನಿ.

ಅಭಿಪ್ರಾಯವೆಲ್ಲ ಸಾಲಿನಲ್ಲಿದೆ.
ಅಂಗಳದಲ್ಲಿ ಹುರಿಯುವ ಈರುಳ್ಳಿಯ ಹೊಗೆಯ ಜೊತೆ
ಬಾಗಿಲಲ್ಲಿ ತೂರಿ ಬರುತ್ತದೆ.
‘ಈ ಕಾಲದಲ್ಲೂ ಪೆನ್ಸಿಲ್ಲೇ? ಫೋನಿನಲ್ಲಿ ಒತ್ತಿ ಮುಗಿಸಬಾರದೇ?’
ಪ್ಲಂಬರ್ ಡಾರೆಲ್, ಕೈಯಲ್ಲಿ ಬ್ರೆಡ್ಡು ಸುತ್ತಿದ ಸಾಸೇಜು.
‘ಫೋನಿಗೆ ಕೊಟ್ಟು ನೋಡು, ಗೆಲ್ಲುವುದು ಫೋನೇ’
ಅನ್ನುತ್ತಾಳೆ ಹಿಂದೆ ನಿಂತ ವಿನಿಫ್ರೆಡ್ ಅಜ್ಜಿ.
ಬ್ಯಾಂಕು ಮುಚ್ಚಿ ಆಪು ಕೊಟ್ಟ ದಿನದಿಂದ
ಗಾಜಿನ ಮೇಲೆ ಬೆರಳಿಡುವುದೆಂದರೆ ಅವಳಿಗಾಗದು.
‘ಎಲ್ಲ ಕೆಟ್ಟಿದ್ದು ಸ್ಕೂಲಿನಿಂದ. ಈಗಿನ ಟೀಚರುಗಳಿಗೇ ಮಗ್ಗಿ ಬರುವುದಿಲ್ಲ.’
ಇದು ಡಾರೆಲ್, ನನ್ನ ಮೂಗಿನ ಮುಂದೆಯೇ.
ಹತ್ತೊಂಬತ್ತರ ಮಗ್ಗಿ ಗಂಟಲವರೆಗೆ ಬಂತು.
ಸೀಸದಕಡ್ಡಿ ಹೆರೆದೆ.

ಅಜ್ಜಿಯ ಮೊಮ್ಮಗ ಆರ್ಲೋ ಗೋಡೆಗೊರಗಿ
ಅಂಗೈಯಗಲದ ಪರದೆಯಲ್ಲಿ ಊರು ಕಟ್ಟುತ್ತಿದ್ದಾನೆ.
‘ಮಿದುಳು ಗಂಜಿಯಾಗುತ್ತೆ’, ಅಜ್ಜಿಯ ತೀರ್ಪು.
ಆರ್ಲೋ ತಲೆಯೆತ್ತದೆ:
‘ತೆರಿಗೆ ಎರಡು ಪರ್ಸೆಂಟ್ ಏರಿಸಿದೆ, ಅರ್ಧ ಜನ ಗುಳೆ ಹೋದರು.
ಇಳಿಸಿದೆ, ಆಸ್ಪತ್ರೆಗೆ ಕರೆಂಟಿಲ್ಲ.’
ಸಾಲು ಒಂದು ಗಳಿಗೆ ಸುಮ್ಮನಾಯಿತು.
ಕಳೆದ ತಿಂಗಳು ಶೇಕಡಾ ಲೆಕ್ಕದಲ್ಲಿ ಇದೇ ಹುಡುಗನಿಗೆ
ಹತ್ತಕ್ಕೆ ಮೂರು ಕೊಟ್ಟವಳು ನಾನು.
ಅದರ ಬಗ್ಗೆಯೂ, ಹೇಳಿದೆನಲ್ಲ, ಅಭಿಪ್ರಾಯವಿಲ್ಲ.

ಮಧ್ಯಾಹ್ನ ಎ ಮೂ ಬಂದಳು.
ಬರ್ಮಾ ಗಡಿಯ ಶಿಬಿರದಲ್ಲಿ ಹುಟ್ಟಿ
ಇಲ್ಲಿ ಟೊಮೆಟೊದ ಗಾಜುಮನೆಯಲ್ಲಿ ದುಡಿಯುವವಳು.
ಮೊದಲ ಮತ. ಕೆಂಪು ನೇಯ್ಗೆಯ ಅಂಗಿಗೆ ಇಸ್ತ್ರಿಯ ಗೆರೆ ಇನ್ನೂ ಬಿಸಿ.
ಎಂಟು ಚೌಕಕ್ಕೆ ಎಂಟು ಅಂಕಿ, ಒಂದನ್ನೂ ಬಿಡುವಂತಿಲ್ಲ,
ಮುಖ ನೋಡಲಾಗದವನಿಗೂ
ಕೊನೆಯ ನಂಬರಾದರೂ ಕೊಡಬೇಕು ಇಲ್ಲಿ.
‘ತಪ್ಪಿದರೆ?’
‘ಹಾಳೆ ವಾಪಸು ತನ್ನಿ, ಇನ್ನೊಂದು ಕೊಡುತ್ತೇನೆ.’
‘ಮತ್ತೆ ತಪ್ಪಿದರೆ?’
‘ಮತ್ತೊಂದು.’
ಇಪ್ಪತ್ತೆರಡು ವರ್ಷ ಪರೀಕ್ಷೆ ನಡೆಸಿದ್ದೇನೆ,
ಈ ಮಾತು ನನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ.

ಆರಕ್ಕೆ ಬಾಗಿಲು ಹಾಕಿ ಪೆಟ್ಟಿಗೆ ಸುರಿದೆವು.
ಡಾರೆಲ್ ಯಾವುದು, ವಿನಿಫ್ರೆಡ್ ಯಾವುದು?
ಅಷ್ಟು ದೊಡ್ಡ ಬಾಯಿಗಳು
ಇಷ್ಟು ತೆಳ್ಳಗೆ ಮಲಗಿದ್ದವು, ಒಂದರ ಮೇಲೊಂದು.
ಯಾರೋ ಏಳನ್ನು ಎರಡು ಸಲ ಬರೆದಿದ್ದರು.
ಕೆಂಪು ಪೆನ್ನಿಗೆ ಕೈ ತುರಿಸಿತು. ತಿದ್ದುವಂತಿಲ್ಲ,
ತಿರಸ್ಕೃತದ ಕಟ್ಟಿಗೆ.
ಇನ್ನೊಬ್ಬರು ಎಂಟೂ ಚೌಕದಲ್ಲಿ ಬೆಕ್ಕಿನ ಮುಖ ಬರೆದು
ಒಂದೊಂದಕ್ಕೂ ಬೇರೆ ಬೇರೆ ಮೀಸೆ ಇಟ್ಟಿದ್ದರು.
ಅಷ್ಟು ಶ್ರದ್ಧೆ ನನ್ನ ಐದನೇ ಕ್ಲಾಸಿನಲ್ಲಿ ಯಾರಿಗೂ ಇಲ್ಲ.
ಅದೂ ಅದೇ ಕಟ್ಟಿಗೆ.

ಮನೆ ಸೇರಿದಾಗ ಹತ್ತೂಮುಕ್ಕಾಲು.
ಟೀವಿಯಲ್ಲಿ ಯಾರೋ ನಗುತ್ತ ಸೋಲೊಪ್ಪುತ್ತಿದ್ದರು.
ಅಚ್ಯುತ ಸೌಟು ಹಿಡಿದೇ ದೇಶ ಆಳುತ್ತಿದ್ದ,
ನನ್ನ ಕಂಡು ‘ನೀನೇನಂತೀಯ?’ ಅಂದ.
ಹದಿನಾರು ಗಂಟೆ ಮಡಿಸಿಟ್ಟ ನಾಲಿಗೆ
ತಡಕಾಡಿ ಮೂರನೆಯ ಪ್ರಶ್ನೆಯನ್ನೇ ಎತ್ತಿಕೊಂಡಿತು:
ಇವತ್ತು, ಇದಕ್ಕೂ ಮುಂಚೆ,
ಊಟ ಆಯಿತಾ?
‘ಇಲ್ಲ, ನಿನಗೇ ಕಾದೆ.’

ಜಾಕೀಟು ಕುರ್ಚಿಯ ಬೆನ್ನಿಗೆ ಹಾಕಿ
ಸಾರು ಬಾಯಿಗಿಟ್ಟು
ದಿನದ ಮೊದಲ ಅಭಿಪ್ರಾಯ ಬಿಚ್ಚಿದೆ:
ಉಪ್ಪು ಸಾಲದು.